ಒಳಗಿದ್ದವನ ಓಟು

ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯಂಥ ಊರೊಂದರಲ್ಲಿ ಇಬ್ಬರು ಗೃಹಸ್ಥರಿದ್ದಾರೆಂದು ವಾಚಕರು ಕಲ್ಪಿಸಿಕೊಳ್ಳಬೇಕು. ಮೊದಲನೆಯವನು ಪರರ ಹಣಕ್ಕೆ ಕೈಹಾಕಿದವನು. ನ್ಯಾಯಾಲಯ ಸಾಕ್ಷ್ಯಗಳನ್ನೆಲ್ಲ ಪರಿಶೀಲಿಸಿ ಅವನಿಗೆ ಮೂರು ವರ್ಷಗಳ ಸಜೆ ವಿಧಿಸಿದೆ. ಮೇಲ್ಮನವಿ ಸಲ್ಲಿಸಿ, ಸಜೆಯನ್ನು ಅಮಾನತಿನಲ್ಲಿರಿಸಿಕೊಂಡು, ಅವನು ಊರಿಗೆ ಮರಳಿದ್ದಾನೆ. ಎರಡನೆಯವನು ನಾಲೆಯ ನೀರಿನ ಸರದಿಗಾಗಿ ನಡೆದ ಜಗಳದಲ್ಲಿ ಗುದ್ದಲಿ ಎತ್ತಿದನೆಂಬ ಆಪಾದನೆಗೆ ಗುರಿಯಾದವನು. ಎತ್ತಿದನೋ ಇಲ್ಲವೋ ಇನ್ನೂ ತೀರ್ಮಾನವಾಗಿಲ್ಲ. ಜಾಮೀನೇನೋ ಮಂಜೂರಾಗಿದೆ, ಪಹಣಿ ಹಿಡಿದು ಕಟಕಟೆಯ ಬಳಿ ಹೊಣೆ ನಿಲ್ಲುವವರು ಮಾತ್ರ ಸಿಕ್ಕಿಲ್ಲ. ಆದ್ದರಿಂದ ಅವನು ಸೆರೆಮನೆಯಲ್ಲಿಯೇ ಉಳಿದಿದ್ದಾನೆ.

ದಾವಣಗೆರೆ ಲೋಕಸಭಾ ಕ್ಷೇತ್ರದಲ್ಲಿ 2024ರ ಮೇ 7ರಂದು ಮತದಾನ ನಡೆದಂತೆ, ಒಂದು ದಿನ ಚುನಾವಣೆ ಬರುತ್ತದೆ. ಅಪರಾಧಿಯೆಂದು ಸಾಬೀತಾದವನು ಮಡಿಸಿದ ಪಂಚೆಯುಟ್ಟು ಶಾಲೆಯ ಅಂಗಳಕ್ಕೆ ಹೋಗಿ, ಸರದಿಯಲ್ಲಿ ನಿಂತು, ಬೆರಳಿಗೆ ಶಾಯಿ ಹಾಕಿಸಿಕೊಂಡು ಬರುತ್ತಾನೆ. ಅಪರಾಧಿಯೆಂದು ಯಾರೂ ತೀರ್ಪು ನೀಡದವನು ಅಂದು ಓಟು ಹಾಕುವಂತಿಲ್ಲ.

ಇದು ಯಾವುದೋ ಗುಮಾಸ್ತನ ಕೈತಪ್ಪಲ್ಲ. 1951ರ ಪ್ರಜಾಪ್ರತಿನಿಧಿ ಕಾಯಿದೆಯ 62ನೆಯ ಪ್ರಕರಣದ ಐದನೆಯ ಉಪಪ್ರಕರಣ ಹೇಳುವುದೇ ಹೀಗೆ. ಶಿಕ್ಷೆಯ ಮೇಲಾಗಲಿ, ಬೇರೆ ಯಾವ ಕಾರಣದಿಂದಾಗಲಿ ಸೆರೆಮನೆಯಲ್ಲಿರುವವನು, ಅಥವಾ ಪೊಲೀಸರ ಕಾನೂನುಬದ್ಧ ವಶದಲ್ಲಿರುವವನು ಮತ ಚಲಾಯಿಸತಕ್ಕದ್ದಲ್ಲ. ಮನುಷ್ಯನು ಏನು ಮಾಡಿದನೆಂಬುದನ್ನು ಕಾಯಿದೆ ಇಲ್ಲಿ ಕೇಳುವುದಿಲ್ಲ. ಮತದಾನದ ದಿನ ಅವನ ದೇಹ ಗೋಡೆಯ ಯಾವ ಪಕ್ಕದಲ್ಲಿತ್ತೆಂಬುದಷ್ಟೇ ಅದರ ಪ್ರಶ್ನೆ. ತಪ್ಪಿಗಾಗಿಯೇ ಮತವನ್ನು ಕಳೆಯುವ ನಿಯಮವೂ ಇದೆ. ಮತಕ್ಕಾಗಿ ಲಂಚ ಕೊಟ್ಟು, ಇಲ್ಲವೆ ಮತ್ತೊಬ್ಬರ ಹೆಸರಿನಲ್ಲಿ ಓಟು ಹಾಕಿ ಶಿಕ್ಷೆಗೊಳಗಾದವನು ಆರು ವರ್ಷ ಆ ಹಕ್ಕನ್ನು ಕಳೆದುಕೊಳ್ಳುತ್ತಾನೆ. ಆ ನಿಯಮದಲ್ಲೊಂದು ನ್ಯಾಯವಿದೆ. ಹೊಲ ಮೇಯ್ದ ಬೇಲಿಯನ್ನು ಕಿತ್ತೊಗೆದಂತೆ. ಆದರೆ ಕೊಲೆ ಮಾಡಿ ಶಿಕ್ಷೆ ಮುಗಿಸಿ ಬಂದವನಿಗೆ ಓಟು ಉಂಟು, ವಿಚಾರಣೆಗೆ ಕಾದು ಕುಳಿತವನಿಗೆ ಇಲ್ಲ ಎಂಬುದನ್ನು ಯಾವ ತಕ್ಕಡಿಯಲ್ಲಿಟ್ಟು ತೂಗಬೇಕು?

ಇದಕ್ಕಿಂತಲೂ ವಿಚಿತ್ರವಾದ ಮಾತು ಅದೇ ಉಪಪ್ರಕರಣದ ಬಾಲದಲ್ಲಿದೆ. ಮುಂಜಾಗ್ರತೆಯ ಬಂಧನದಲ್ಲಿರುವವರಿಗೆ ಈ ನಿಷೇಧ ಅನ್ವಯಿಸುವುದಿಲ್ಲ. ಅವರು ಅಂಚೆಯ ಮೂಲಕ ಮತ ಚಲಾಯಿಸಬಹುದು. 1975ರಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾದಾಗ, ವಾಜಪೇಯಿ, ಆಡ್ವಾಣಿ, ಮಧು ದಂಡವತೆಯವರು ಬೆಂಗಳೂರಿನ ಕೇಂದ್ರ ಸೆರೆಮನೆಯಲ್ಲಿದ್ದರು. ಇಂದು ಫ್ರೀಡಂ ಪಾರ್ಕ್ ಎನಿಸಿಕೊಂಡಿರುವ ಸ್ಥಳವೇ ಅದು. ಮೀಸಾ ಕಾಯಿದೆಯಡಿ ಹೀಗೆ ಬಂಧಿತರಾದವರ ಮೇಲೆ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಬೇಕೆಂಬ ನಿರ್ಬಂಧವಿರಲಿಲ್ಲ. ಆದರೂ ಸೆರೆಯಲ್ಲಿದ್ದಾಗ ಚುನಾವಣೆ ಬಂದಿದ್ದರೆ ಓಟು ಹಾಕುವ ಹಕ್ಕು ಅವರಿಗಿತ್ತು.

ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರ ಸ್ಥಿತಿ ಬೇರೆಯಾಗಿತ್ತು. 1976ರ ಜೂನ್‌ನಲ್ಲಿ ಕಲ್ಕತ್ತದಲ್ಲಿ ಸೆರೆಸಿಕ್ಕ ಅವರ ಮೇಲೆ ಬರೋಡಾ ಡೈನಮೈಟ್ ಮೊಕದ್ದಮೆ ನಡೆಯುತ್ತಿತ್ತು. ಅವರು ವಿಚಾರಣಾಧೀನ ಬಂದಿ. 1977ರ ಚುನಾವಣೆಯಲ್ಲಿ ಬಿಹಾರದ ಮುಜಫರಪುರದಿಂದ ಸೆರೆಮನೆಯಲ್ಲಿದ್ದುಕೊಂಡೇ ಸ್ಪರ್ಧಿಸಿದರು. ಬೇಡಿ ತೊಟ್ಟ ಕೈಯನ್ನು ಮೇಲೆತ್ತಿದ ಅವರ ಚಿತ್ರವೇ ಅವರ ಪರವಾಗಿ ಊರೂರು ಸುತ್ತಿತು. ಮೂರು ಲಕ್ಷಕ್ಕೂ ಮಿಗಿಲಾದ ಅಂತರದಿಂದ ಅವರು ಗೆದ್ದರು. ಅಷ್ಟು ಜನರ ಮತ ಪಡೆದ ಮನುಷ್ಯನಿಗೆ ಆ ದಿನ ತನ್ನದೆಂಬ ಒಂದು ಮತವನ್ನು ಹಾಕುವ ಅಧಿಕಾರವಿರಲಿಲ್ಲ. ಸ್ವಲ್ಪ ಕಾಲದಲ್ಲಿಯೇ ಅವರು ಕೇಂದ್ರ ಸಚಿವರಾದರು.

ಮತ ಹಾಕಲಾರದವನು ಮತ ಕೇಳಬಹುದೇ ಎಂಬ ಪ್ರಶ್ನೆ ನ್ಯಾಯಾಲಯವನ್ನು ಮುಟ್ಟದೆ ಹೋಗಲಿಲ್ಲ. 2013ರ ಜುಲೈ 10ರಂದು ಸುಪ್ರೀಂ ಕೋರ್ಟು, ಮತದಾನದ ಹಕ್ಕಿಲ್ಲದವನು ಅಭ್ಯರ್ಥಿಯೂ ಆಗಲಾರನೆಂದಿತು. ಪಾರ್ಲಿಮೆಂಟು ಎಚ್ಚೆತ್ತುಕೊಂಡ ವೇಗವನ್ನು ಗಮನಿಸಬೇಕು. ಅದೇ ವರ್ಷ ಕಾಯಿದೆಗೆ ತಿದ್ದುಪಡಿ ಬಂತು: ಸೆರೆಯಲ್ಲಿದ್ದ ಮಾತ್ರಕ್ಕೆ ಪಟ್ಟಿಯಲ್ಲಿ ಹೆಸರಿರುವವನು ಮತದಾರನಲ್ಲವೆಂದಾಗುವುದಿಲ್ಲ, ಆದುದರಿಂದ ಅವನು ಸ್ಪರ್ಧಿಸಬಹುದು. ಉಮೇದುವಾರನ ಬಾಗಿಲು ಹೀಗೆ ತೆರೆಯಿತು. ಮತದಾರನ ಬಾಗಿಲಿಗೆ ಹಾಕಿದ ಬೀಗ ಹಾಗೆಯೇ ಉಳಿಯಿತು.

ಬೀಗದ ಪರವಾಗಿಯೂ ವಾದಗಳಿವೆ. 1997ರಲ್ಲಿ ಮುಖ್ಯ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಅವರಿದ್ದ ಪೀಠ ಈ ನಿಯಮವನ್ನು ಎತ್ತಿಹಿಡಿಯಿತು. ತನ್ನ ನಡತೆಯಿಂದ ಸೆರೆಗೆ ಬಂದವನು ಹೊರಗಿನವರ ಸಮಾನ ಸ್ವಾತಂತ್ರ್ಯ ಕೇಳಲಾರ. ಬಂದಿಗಳನ್ನೆಲ್ಲ ಮತಗಟ್ಟೆಗೆ ಕರೆದೊಯ್ಯಲು ಪೊಲೀಸರ ಬಲ ಸಾಲದು. ಚುನಾವಣೆಯಿಂದ ಅಪರಾಧಿಗಳನ್ನು ದೂರವಿಡಬೇಕು. ಕೊನೆಯ ಮಾತು ಎಲ್ಲರಿಗೂ ಒಪ್ಪಿಗೆಯೇ. ಆದರೆ 2022ರ ಡಿಸೆಂಬರ್ ಅಂತ್ಯಕ್ಕೆ ದೇಶದ ಸೆರೆಮನೆಗಳಲ್ಲಿದ್ದ ಸುಮಾರು 5 ಲಕ್ಷ 73 ಸಾವಿರ ಜನರಲ್ಲಿ 4 ಲಕ್ಷ 34 ಸಾವಿರ ಮಂದಿ ವಿಚಾರಣಾಧೀನರು. ನಾಲ್ವರಲ್ಲಿ ಮೂವರು ಇನ್ನೂ ಅಪರಾಧಿಗಳಲ್ಲ. ದೂರವಿಡಬೇಕಾದವನೋ ವಕೀಲನನ್ನಿಟ್ಟುಕೊಂಡು ಹೊರಗಿರುತ್ತಾನೆ.

ದಕ್ಷಿಣ ಆಫ್ರಿಕದ ಸಂವಿಧಾನ ನ್ಯಾಯಾಲಯ 1999ರಲ್ಲಿ ಬಂದಿಗಳ ಮತದಾನಕ್ಕೆ ಏರ್ಪಾಡು ಮಾಡುವಂತೆ ಆಜ್ಞಾಪಿಸಿತು. 2002ರಲ್ಲಿ ಕೆನಡದ ಸುಪ್ರೀಂ ಕೋರ್ಟು ದೀರ್ಘ ಶಿಕ್ಷೆಯ ಬಂದಿಗಳಿಗಿದ್ದ ನಿಷೇಧವನ್ನೂ ರದ್ದುಗೊಳಿಸಿತು. ಅಮೆರಿಕದ ಮೇನ್ ಮತ್ತು ವರ್ಮಾಂಟ್ ಸಂಸ್ಥಾನಗಳಲ್ಲಿ ಶಿಕ್ಷಿತರೂ ಸೆರೆಯೊಳಗಿಂದಲೇ ಮತ ಹಾಕುತ್ತಾರೆ. ಅಲ್ಲೇನೂ ಆಕಾಶ ಕಳಚಿ ಬೀಳಲಿಲ್ಲ.

ಪೊಲೀಸರ ಬಲ ಸಾಲದೆಂಬ ವಾದಕ್ಕೆ ಕರ್ನಾಟಕವೇ 2023ರಲ್ಲಿ ಒಂದು ಉತ್ತರ ತೋರಿಸಿತು. ಆ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ಎಂಬತ್ತು ದಾಟಿದ ವೃದ್ಧರ ಮನೆಗೆ ಅಧಿಕಾರಿಗಳೇ ಮತಪತ್ರ ಹೊತ್ತು ಹೋದರು. ಮಂಚದ ಪಕ್ಕದಲ್ಲಿ ಮರೆ ಕಟ್ಟಿ, ಗುಟ್ಟು ಕಾಪಾಡಿ, ಮೊಹರು ಮಾಡಿ ಹಿಂದಿರುಗಿದರು. ಒಂದೊಂದು ಮನೆಯ ವಿಳಾಸವನ್ನೂ ಹುಡುಕಬೇಕಾಗಿತ್ತು. ಸೆರೆಮನೆಯಲ್ಲಾದರೆ ಹುಡುಕುವ ಪ್ರಮೇಯವೇ ಇಲ್ಲ. ಬೆಳಿಗ್ಗೆ ಬೀಗ ತೆಗೆಯುವಾಗಲೂ ಸಂಜೆ ಹಾಕುವಾಗಲೂ ಅಲ್ಲಿ ತಲೆಯೆಣಿಕೆ ನಡೆಯುತ್ತದೆ. ಮುಂಜಾಗ್ರತೆಯ ಬಂಧನದಲ್ಲಿರುವವನಿಗಾಗಿ ಅದೇ ಗೋಡೆಯೊಳಕ್ಕೆ ಹೋಗಬಲ್ಲ ಅಂಚೆಯ ಲಕೋಟೆ, ಪಕ್ಕದ ಕೋಣೆಯವನಿಗೂ ಒಂದನ್ನು ಸೇರಿಸಿಕೊಂಡು ಹೋಗಲು ಎಷ್ಟು ಪೊಲೀಸರು ಬೇಕಾದಾರು?