ವಿಸರ್ಗವು ಹೋದ ಬಗೆ

ನಮ್ಮ ಬೀದಿಯಲ್ಲಿ ಎಂಟನೆಯ ತರಗತಿಯನ್ನು ಓದುತ್ತಿರುವ ಹುಡುಗಿಯೊಬ್ಬಳು ಒಂದು ಸಂಜೆ ನನ್ನ ಜಗುಲಿಗೆ ಬಂದು, ಸಂಸ್ಕೃತ ಪರೀಕ್ಷೆಯ ಉತ್ತರಪತ್ರಿಕೆಯನ್ನು ಮುಂದಿಟ್ಟು, “ಮೇಷ್ಟ್ರೇ, ನೀವು ಮಾಡಿಕೊಟ್ಟದ್ದರಲ್ಲಿ ಇದ್ದ ಹಾಗೆಯೇ ಬರೆದೆ, ಟೀಚರು ಹೊಡೆದುಹಾಕಿದ್ದಾರೆ” ಎಂದಳು. ಉಕಾರಾಂತವಾದ ಗುರುಶಬ್ದದ ಷಷ್ಠೀ ಏಕವಚನಕ್ಕೆ ಮಗುವು ‘ಗುರೋ’ ಎಂದು ಬರೆದಿತ್ತು. ‘ಗುರೋಃ’ ಎಂದಿರಬೇಕು. ವಿಸರ್ಗವಿಲ್ಲದಿದ್ದರೆ ಅದು ಸಂಬೋಧನೆಯಾಗಿ ಬಿಡುವುದಷ್ಟೆ. “ಮೊದಲು ನಾನು ವಿಸರ್ಗವನ್ನು ಹಾಕಿಯೇ ಅಭ್ಯಾಸ ಮಾಡಿದ್ದೆ. ತಪ್ಪು ಎಂದು ತೋರಿಸಿತು. ಆಮೇಲೆ ಬದಲಾಯಿಸಿಕೊಂಡೆ” ಎಂದು ಅವಳು ಮೆಲ್ಲಗೆ ಹೇಳಿದಾಗ ನನಗೆ ತಲೆಯೆತ್ತಲಾಗಲಿಲ್ಲ.

ಅವಳು ಹೇಳಿದ್ದು ನನ್ನ ಕೈಯ ಕೆಲಸವನ್ನೇ. ನಿವೃತ್ತನಾದ ಮೇಲೆ ಹೊತ್ತು ಹೋಗದೆ, ಬೆಂಗಳೂರಿನಲ್ಲಿ ಕಂಪ್ಯೂಟರ್ ಉದ್ಯೋಗದಲ್ಲಿರುವ ನನ್ನ ತಮ್ಮನ ಮಗಳಿಂದ ಪೈಥಾನ್ ಎಂಬ ಯಂತ್ರಭಾಷೆಯನ್ನು ಅಷ್ಟಿಷ್ಟು ಕಲಿತೆನು. ಇಬ್ಬರೂ ಸೇರಿ, ಮಕ್ಕಳಿಗೆ ಶಬ್ದರೂಪಗಳನ್ನು ಕೇಳಿ ತಪ್ಪುಒಪ್ಪುಗಳನ್ನು ತಿಳಿಸುವ ಒಂದು ಪ್ರೋಗ್ರಾಮನ್ನು ಬರೆದೆವು. ರೂಪಗಳನ್ನು ತುಂಬುವುದು ನನ್ನ ಪಾಲು, ಉಳಿದ ಯಂತ್ರವ್ಯವಹಾರವೆಲ್ಲವೂ ಅವಳ ಪಾಲು.

ಪ್ರೋಗ್ರಾಮು ಎಂದರೆ ಕೊನೆಗೆ ಸಾಲುಸಾಲಾಗಿ ಬರೆದ ಲಿಪಿಯೇ. ಒಬ್ಬೊಬ್ಬರ ಬರವಣಿಗೆ ಒಂದೊಂದು ಬಗೆ; ಒಬ್ಬರು ಸಾಲನ್ನು ಉದ್ದವಾಗಿ ಬಿಡುವರು, ಮತ್ತೊಬ್ಬರು ಮುರಿಯುವರು. ಈ ಭೇದವನ್ನು ಹೋಗಲಾಡಿಸುವುದಕ್ಕೆಂದು ಲಿಪಿಯನ್ನು ಓರಣಗೊಳಿಸುವ ಉಪಕರಣಗಳಿವೆ. ನಾವು ಬಳಸಿದುದು ‘ಬ್ಲ್ಯಾಕ್’ ಎಂಬುದು; 2018ರಲ್ಲಿ ಹೊರಬಂದುದು. ಇದು ಚಿತ್ರವನ್ನು ಒತ್ತಿ ನಡೆಸುವಂಥದಲ್ಲ. ಪರದೆಯ ಮೇಲೆ ಅದರ ಹೆಸರನ್ನೂ ಕಡತದ ಹೆಸರನ್ನೂ ಟಂಕಿಸಿ ಆಜ್ಞಾಪಿಸಬೇಕು. ಕಣ್ಣು ಮಿಟುಕಿಸುವುದರೊಳಗೆ ಇಡೀ ಲಿಪಿಯನ್ನು ತನ್ನ ಪದ್ಧತಿಗೆ ತಿದ್ದಿಬಿಡುವುದು. ಬೇರೆ ಏನನ್ನೂ ಹೇಳದಿದ್ದರೆ ಒಂದು ಸಾಲಿಗೆ ಅದು ಕೊಡುವ ಮಿತಿ 88 ಅಕ್ಷರಸ್ಥಾನಗಳು. ಹಳೆಯ 80ಕ್ಕೆ ನೂರಕ್ಕೆ ಹತ್ತರಂತೆ ಕೂಡಿಸಿದ ಲೆಕ್ಕ.

ನನಗೂ ಈ ಉಪಕರಣಕ್ಕೂ ಮೊದಲ ದಿನವೇ ಮನಸ್ತಾಪವಾಯಿತು. ನಾನು ಶಬ್ದಮಂಜರಿಯ ಕ್ರಮದಲ್ಲಿಯೇ ಎಂಟು ವಿಭಕ್ತಿಗಳಿಗೆ ಎಂಟು ಸಾಲು, ಏಕ ದ್ವಿ ಬಹುವಚನಗಳಿಗೆ ಮೂರು ಕಂಬಸಾಲು ಎಂದು, ನಡುವೆ ಜಾಗ ಬಿಟ್ಟು, ಒಂದರ ಕೆಳಗೊಂದು ನೇರವಾಗಿ ನಿಲ್ಲುವಂತೆ ಬರೆದಿದ್ದೆನು. ಪ್ರತಿಯೊಂದು ಸಾಲಿನ ಕೊನೆಯ ರೂಪದ ಮುಂದೆಯೂ ಒಂದು ಅಲ್ಪವಿರಾಮವನ್ನು ಹಾಕುವುದು ನನ್ನ ಅಭ್ಯಾಸ. ಕೊನೆಯಲ್ಲಿ ಅಲ್ಪವಿರಾಮವಿದ್ದರೆ ‘ಇದನ್ನು ಬಿಡಿಸಿ ಬರೆ’ ಎಂದು ಅರ್ಥಮಾಡಿಕೊಳ್ಳುವುದು ಬ್ಲ್ಯಾಕಿನ ಅಭ್ಯಾಸ! ತಮ್ಮನ ಮಗಳು ಒಮ್ಮೆ ಆಜ್ಞೆಕೊಟ್ಟಳು. ನನ್ನ ಎಂಟು ಸಾಲಿನ ರೂಪಾವಳಿಯು ನಲವತ್ತಕ್ಕೂ ಮಿಕ್ಕಿದ ಸಾಲುಗಳಾಗಿ, ಒಂದೊಂದು ರೂಪವೂ ಒಂಟಿಯಾಗಿ ನಿಂತುಬಿಟ್ಟಿತು. ದ್ವಿವಚನ ಯಾವುದು, ಬಹುವಚನ ಯಾವುದು ಎಂಬುದನ್ನು ಬೆರಳಿಟ್ಟು ಎಣಿಸಬೇಕು.

ನಾನು ಅದನ್ನು ಕೈಯಿಂದಲೇ ಮೊದಲಿನಂತೆ ಮಾಡಿದೆನು. ಅವಳು ಮತ್ತೆ ಉಪಕರಣವನ್ನು ನಡೆಸಿದಳು. ನಾನು ಮತ್ತೆ ಜೋಡಿಸಿದೆನು. ಕೆಲವು ದಿನಗಳಾದ ಮೇಲೆ ನಾನೂ ಬ್ಲ್ಯಾಕನ್ನು ಕಲಿತು, ಸಾಲಿನ ಮಿತಿ 100 ಇರಲೆಂದು ಆಜ್ಞೆಯೊಡನೆಯೇ ಟಂಕಿಸತೊಡಗಿದೆನು. ಅವಳದು 88, ನನ್ನದು 100. ಒಂದೇ ಲಿಪಿಯು ಬೆಂಗಳೂರಿಗೆ ಹೋದಾಗ ಒಂದು ರೂಪ, ನಮ್ಮೂರಿಗೆ ಬಂದಾಗ ಮತ್ತೊಂದು. ಅವಳು ಒಂದು ದಿನ ದೂರವಾಣಿಯಲ್ಲಿ, “ದೊಡ್ಡಪ್ಪ, ನೀವು ಒಂದು ಶಬ್ದವನ್ನು ಸೇರಿಸಿದರೆ ಮುನ್ನೂರು ಸಾಲು ಬದಲಾಯಿತೆಂದು ತೋರಿಸುತ್ತದೆ, ನಾನು ಏನನ್ನು ನೋಡಲಿ?” ಎಂದಳು. ನೋಡುವವರ ಅನುಕೂಲಕ್ಕಾಗಿ ರೂಪಾವಳಿಯೇ ಹೊರತು ಯಂತ್ರದ ಅನುಕೂಲಕ್ಕಲ್ಲ ಎಂದು ನಾನು ಉತ್ತರಕೊಟ್ಟೆನು. ಉತ್ತರವೇನೋ ಚೆನ್ನಾಗಿತ್ತು.

ಹುಡುಗಿಯು ಬಂದು ಹೋದ ರಾತ್ರಿಯೇ ತಮ್ಮನ ಮಗಳಿಗೆ ಕರೆಮಾಡಿ, “ನಿನ್ನ ಬ್ಲ್ಯಾಕು ನನ್ನ ವಿಸರ್ಗವನ್ನು ನುಂಗಿದೆ” ಎಂದು ಕೂಗಾಡಿದೆನು. ಅವಳು ಸಾವಧಾನವಾಗಿ ಹೇಳಿದಳು: ಬ್ಲ್ಯಾಕ್ ಉದ್ಧರಣಚಿಹ್ನೆಗಳ ನಡುವಣ ಮಾತಿನಿಂದ ಅಕ್ಷರವನ್ನು ತೆಗೆಯುವುದಿಲ್ಲ, ತಿದ್ದಿದ ಮೇಲೆ ಲಿಪಿಯ ಅರ್ಥವು ಮೊದಲಿನದೇ ಆಗಿದೆಯೆ ಎಂದು ಅದು ತಾನೇ ಪರೀಕ್ಷಿಸಿಕೊಳ್ಳುತ್ತದೆ, ಇಲ್ಲವಾದರೆ ಕಡತವನ್ನು ಮುಟ್ಟುವುದಿಲ್ಲ. ಅನಂತರ, ಯಾವ ಸಾಲನ್ನು ಯಾರು ಯಾವ ದಿನ ಬದಲಾಯಿಸಿದರೆಂಬುದನ್ನು ಬರೆದಿಡುವ ‘ಗಿಟ್’ ಎಂಬ ದಫ್ತರನ್ನು ತೆರೆದು ನೋಡಿದಳು. ಸ್ವಲ್ಪ ಹೊತ್ತು ಮಾತಿರಲಿಲ್ಲ. “ದೊಡ್ಡಪ್ಪ, ಈ ಸಾಲು ನಿಮ್ಮ ಹೆಸರಿನಲ್ಲಿದೆ” ಎಂದಳು.

ಆಗ ನೆನಪಾಯಿತು. ಬಿಡಿಬಿಡಿಯಾಗಿದ್ದ ಸಾಲುಗಳನ್ನು ಕೂಡಿಸುವುದಕ್ಕಿಂತ ಹೊಸದಾಗಿ ಟಂಕಿಸುವುದೇ ಸುಲಭವೆಂದು ಗುರುಶಬ್ದವನ್ನು ಪೂರ್ತಿಯಾಗಿ ಮತ್ತೊಮ್ಮೆ ಟಂಕಿಸಿದ್ದೆನು. ವಿಸರ್ಗವು ಬಿದ್ದುಹೋದುದು ಆಗಲೇ. ಬೇರೆ ದಿನವಾಗಿದ್ದರೆ ಅವಳ ಕಣ್ಣಿಗೆ ಅದು ಬೀಳುತ್ತಿತ್ತು. ಮುನ್ನೂರು ಸಾಲುಗಳ ಸುಳ್ಳು ಬದಲಾವಣೆಗಳ ನಡುವೆ ಆ ಎರಡು ಸೊನ್ನೆಗಳನ್ನು ಯಾರು ಕಂಡಾರು? ಮೂವತ್ತು ವರುಷಗಳ ಕಾಲ ಮಕ್ಕಳ ವಿಸರ್ಗಗಳಿಗಾಗಿ ಅಂಕ ಕಳೆದ ಕೈ ಇದು.

ಮರುದಿನ ನಾವಿಬ್ಬರೂ ಕಲಹವನ್ನು ಬಿಟ್ಟು ಒಡಂಬಡಿಕೆಗೆ ಕುಳಿತೆವು. ಪ್ರೋಗ್ರಾಮಿನ ಮೇಲಣ ಕೋಶದಲ್ಲಿ ‘ಪೈಪ್ರಾಜೆಕ್ಟ್ ಡಾಟ್ ಟಾಮ್ಲ್’ ಎಂಬ ಹೆಸರಿನ ಒಂದು ಸಣ್ಣ ಕಡತವನ್ನಿಡಬೇಕು. ಅದರಲ್ಲಿ ‘ಟೂಲ್ ಡಾಟ್ ಬ್ಲ್ಯಾಕ್’ ಎಂದು ಚೌಕಕಂಸದಲ್ಲಿ ತಲೆಬರಹವನ್ನು ಕೊಟ್ಟು, ಕೆಳಗೆ ನಮ್ಮ ನಿಯಮಗಳನ್ನು ಬರೆಯಬೇಕು. ಸಾಲಿನ ಮಿತಿ 100 ಎಂಬುದು ನನ್ನ ಗೆಲುವು. ಕೊನೆಯ ಅಲ್ಪವಿರಾಮಕ್ಕೆ ವಿಶೇಷಾರ್ಥವಿಲ್ಲವೆಂಬುದು ಎರಡನೆಯದು. ಇದರಿಂದ ವಿಭಕ್ತಿಗೊಂದು ಸಾಲು ಉಳಿಯಿತು. ಕಂಬಸಾಲಿನ ಓರಣವನ್ನು ಮಾತ್ರ ನಾನು ಬಿಟ್ಟುಕೊಟ್ಟೆನು. ಬೇಕಾದರೆ ಆ ಭಾಗದ ಹಿಂದೆ ಮುಂದೆ ‘ಇಲ್ಲಿ ನಿಲ್ಲು, ಇಲ್ಲಿಂದ ನಡೆ’ ಎಂಬ ಗುರುತುಗಳನ್ನು ಹಾಕಿ ಉಪಕರಣವನ್ನು ತಡೆಯಬಹುದೆಂದು ಅವಳು ಹೇಳಿದಳು. ಮತ್ತೆ ಕೈಯಿಂದ ಜೋಡಿಸುವ ಧೈರ್ಯ ನನಗಿರಲಿಲ್ಲ.

ವ್ಯಾಕರಣವನ್ನೋದಿದವನಿಗೆ ಈ ಏರ್ಪಾಟು ಹೊಸದಾಗಿ ತೋರಲಿಲ್ಲ. ಪಾಣಿನಿಯಲ್ಲಿ ಅಧಿಕಾರಸೂತ್ರವೆಂಬುದುಂಟು: ಒಮ್ಮೆ ಹೇಳಿದರೆ ಅದರ ಎಲ್ಲೆಯವರೆಗಿನ ಸೂತ್ರಗಳಿಗೆಲ್ಲ ಅನ್ವಯಿಸುವುದು, ಮತ್ತೆ ಮತ್ತೆ ಹೇಳಬೇಕಾದುದಿಲ್ಲ. ಈ ಕಡತವೂ ಹಾಗೆಯೇ. ಉಪಕರಣವು ಹುಟ್ಟಾ ತಂದ 88 ಉತ್ಸರ್ಗ. ಕಡತದ 100 ಅದಕ್ಕೆ ಅಪವಾದ. ಆಜ್ಞೆಯೊಡನೆ ಟಂಕಿಸಿದ ಮಾತು ಕಡತವನ್ನೂ ಮೀರುವ ಅಪವಾದ. ಆದುದರಿಂದಲೇ ಆಜ್ಞೆಯೊಡನೆ ಇನ್ನು ಯಾರೂ ಏನನ್ನೂ ಸೇರಿಸಬಾರದೆಂದು ಇಬ್ಬರೂ ಮಾತುಕೊಟ್ಟೆವು.

ಒಂದು ಪಾಪವನ್ನು ಹೇಳದಿದ್ದರೆ ಸರಿಯಲ್ಲ. ಕಲಹದ ದಿನಗಳಲ್ಲಿ ನಾನು ರೂಪಾವಳಿಯ ಒಳಕೋಶದಲ್ಲಿ ಅವಳಿಗೆ ಹೇಳದೆ ಇಂಥದೇ ಒಂದು ಕಡತವನ್ನು 120ರ ಮಿತಿಯೊಡನೆ ಇಟ್ಟಿದ್ದು ಮರೆತೇಹೋಗಿತ್ತು. ಬ್ಲ್ಯಾಕ್ ನಾವು ತೋರಿಸಿದ ಕಡತ ಇಲ್ಲವೆ ಕೋಶದಿಂದ ಮೇಲಮೇಲಕ್ಕೆ ಹುಡುಕುತ್ತ ಹೋಗಿ, ಮೊದಲು ಸಿಕ್ಕಿದ ನಿಯಮದ ಕಡತವನ್ನೇ ಹಿಡಿಯುವುದು, ಎರಡನ್ನು ಕೂಡಿಸುವುದಿಲ್ಲ. ನಾನು ಒಳಕೋಶವನ್ನು ತೋರಿಸಿ ನಡೆಸಿದರೆ 120, ಅವಳು ಇಡೀ ಪ್ರೋಗ್ರಾಮನ್ನು ತೋರಿಸಿದರೆ 100. ಒಡಂಬಡಿಕೆಯಾದ ವಾರದಲ್ಲಿಯೇ ಮತ್ತೆ ಸಾಲುಗಳು ಕುಣಿಯತೊಡಗಿ, ಅವಳು ಕಾರಣವನ್ನು ಹುಡುಕಿ ಸುಸ್ತಾಗಿ, ಕೊನೆಗೆ ನಾನೇ ಒಪ್ಪಿಕೊಂಡು ಅದನ್ನು ಅಳಿಸಿದೆನು. ಈಗ ಲಿಪಿಯನ್ನು ಒಪ್ಪಿಸುವ ಮೊದಲು ಏನನ್ನೂ ತಿದ್ದದೆ ಬರಿಯ ಪರೀಕ್ಷೆ ಮಾಡೆಂಬ ಆಜ್ಞೆಯನ್ನು ಇಬ್ಬರೂ ನಡೆಸುತ್ತೇವೆ. ಈಗ ಒಂದು ಶಬ್ದವನ್ನು ತಿದ್ದಿದರೆ ಒಂದೇ ಸಾಲು ಕಾಣುತ್ತದೆ.

ಹುಡುಗಿಯ ಮನೆಗೆ ಹೋಗಿ ತಪ್ಪು ನನ್ನದೆಂದು ಅವಳ ತಾಯಿಯ ಎದುರಿಗೆ ಹೇಳಿಬಂದೆನು. ಕಳೆದ ಅಂಕವು ಹಿಂದಿರುಗಲಿಲ್ಲ. ಟೀಚರು ನೋಡಬೇಕಾದುದು ಪತ್ರಿಕೆಯಲ್ಲಿರುವುದನ್ನಲ್ಲವೆ? ಮಗುವು ಈಗ ಪ್ರೋಗ್ರಾಮಿನ ಒಂದೊಂದು ರೂಪವನ್ನೂ ಪುಸ್ತಕದೊಡನೆ ಹೋಲಿಸಿ ನೋಡುತ್ತಿದ್ದಾಳೆ. ಮೊನ್ನೆ ಪಿತೃಶಬ್ದದ ‘ಪಿತುಃ’ ತಪ್ಪೆಂದು ಓಡಿಬಂದಳು. ಈ ಸಲ ಪ್ರೋಗ್ರಾಮೇ ಸರಿಯಾಗಿತ್ತು. ಆದರೂ ಪುಸ್ತಕವನ್ನು ಬಿಚ್ಚಿ, ಇಬ್ಬರೂ ಎರಡು ಸಲ ನೋಡಿದೆವು.