ಮಂದನೌಕೆಯ ವ್ಯಾಜ್ಯ

ವಾದಕ್ಕೆ ದೊಡ್ಡ ವಿಷಯವೇ ಬೇಕೆಂಬ ನಿಯಮವಿಲ್ಲ. ಒಂದು ಹಡಗು ನಿಧಾನವಾಗಿ ಸಾಗುವುದು ಗುಣವೋ ದೋಷವೋ ಎಂಬಷ್ಟರ ಮೇಲೆಯೇ ಹಲವು ದೇಶಗಳ ಜನರು ಹತ್ತು ವರ್ಷಕ್ಕೂ ಮೀರಿ ವಾದಿಸುತ್ತ ಬಂದಿರುವರು. ಆ ಹಡಗಾದರೋ ನೀರಿನ ಮೇಲೆ ತೇಲುವಂಥದಲ್ಲ. ಕಂಪ್ಯೂಟರಿನ ತೆರೆಯ ಮೇಲೆ ಚಲಿಸುವ ಚಿತ್ರ. ಆದರೂ ಆ ವಾದವನ್ನು ಮಕ್ಕಳ ಜಗಳವೆಂದು ತಳ್ಳಿಬಿಡುವುದು ಸಲ್ಲದು. ಕಾವ್ಯವನ್ನು ಕುರಿತು ಪ್ರಾಚೀನರು ಕೇಳಿದ ಪ್ರಶ್ನೆಗಳಲ್ಲಿ ಒಂದೆರಡು ಅಲ್ಲಿಯೂ ತಲೆಯೆತ್ತಿರುವುವು.

ಆಟದ ಹೆಸರು ‘ಸನ್‌ಲೆಸ್ ಸೀ’, ಎಂದರೆ ಸೂರ್ಯನಿಲ್ಲದ ಕಡಲು. ಲಂಡನ್ನಿನ ಫೇಲ್‌ಬೆಟರ್ ಗೇಮ್ಸ್ ಎಂಬ ಚಿಕ್ಕ ಸಂಸ್ಥೆಯವರು 2013ರಲ್ಲಿ ಆಸಕ್ತರಾದ ಆಟಗಾರರಿಂದಲೇ ಸುಮಾರು 1,00,000 ಪೌಂಡುಗಳ ಚಂದಾ ಕೂಡಿಸಿ, 2015ರ ಫೆಬ್ರವರಿಯಲ್ಲಿ ಇದನ್ನು ಪ್ರಕಟಿಸಿದರು. ನಡುವೆ 2014ರಲ್ಲಿ, ಆಟವಿನ್ನೂ ಅಪೂರ್ಣವಾಗಿದ್ದಾಗಲೇ, ಅದನ್ನು ಕೊಂಡವರ ಕೈಗೆ ಕೊಟ್ಟು ಅವರ ಮಾತನ್ನು ಕೇಳಿದರು. ಸರದಿಯ ಮೇಲೆ ನಡೆಯುತ್ತಿದ್ದ ಕಾಳಗದ ಕ್ರಮವನ್ನು ಬಿಟ್ಟು, ಎಡೆಬಿಡದೆ ನಡೆಯುವ ಕ್ರಮವನ್ನು ತಂದರು. ಆಟಗಾರರ ಅಭಿಪ್ರಾಯವೆಂಬುದು ಇಲ್ಲಿ ಬರಿಯ ಹರಟೆಯಲ್ಲ. ಕೃತಿಯನ್ನೇ ತಿದ್ದಿದ ಶಕ್ತಿ.

ಕಥೆಯ ಕಲ್ಪನೆ ವಿಲಕ್ಷಣವಾದುದು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಬಾವಲಿಗಳು ಲಂಡನ್ ನಗರವನ್ನು ಅಪಹರಿಸಿ ಪಾತಾಳಕ್ಕೆ ಒಯ್ದುವಂತೆ. ಅಲ್ಲಿ ಸೂರ್ಯನಿಲ್ಲ, ಹಗಲಿಲ್ಲ. ನಗರದ ಮುಂದೆ ಕರಿಯ ಕಡಲೊಂದು ಹಬ್ಬಿದೆ. ಆಟಗಾರನು ಉಗಿಹಡಗಿನ ಕಪ್ತಾನನ ಪಾತ್ರವನ್ನು ಧರಿಸಿ ಈ ಕಡಲಿಗೆ ಇಳಿಯುವನು. ಉರುವಲು, ಆಹಾರ, ನಾವಿಕರು, ಹಡಗಿನ ಮೈಗಟ್ಟು, ಇವುಗಳ ಲೆಕ್ಕವನ್ನು ಅವನು ಇಟ್ಟಿರಬೇಕು. ಇವಲ್ಲದೆ ಇನ್ನೊಂದು ಲೆಕ್ಕವೂ ಉಂಟು, ಅದು ಭೀತಿಯದು. ದಡ ದೂರವಾದಂತೆ, ಕತ್ತಲೆ ಕವಿದಂತೆ ಭೀತಿ ಏರುವುದು. ಅದು 100ನ್ನು ಮುಟ್ಟಿದರೆ ನಾವಿಕರು ದಂಗೆಯೇಳುವರು. ದೀಪ ಹಚ್ಚಿದರೆ ಭೀತಿಯ ಏರಿಕೆ ತಗ್ಗುವುದು. ಆದರೆ ಉರುವಲು ಹೆಚ್ಚು ವೆಚ್ಚವಾಗುವುದು, ಕಡಲಿನ ಕ್ರೂರಜಂತುಗಳಿಗೂ ಹಡಗಿನ ಗುರುತು ಸಿಕ್ಕುವುದು. ದೀಪ ಆರಿಸಿದರೆ ಉರುವಲು ಉಳಿಯುವುದು, ಧೈರ್ಯ ಕುಂದುವುದು.

ಕಪ್ತಾನನು ಸತ್ತರೆ ಸತ್ತಂತೆಯೇ. ಅವನ ಭೂಪಟ, ಹಣದ ಒಂದು ಪಾಲು, ನೆಚ್ಚಿನ ಒಬ್ಬ ಅಧಿಕಾರಿ, ಇಂತಹವುಗಳಲ್ಲಿ ಒಂದನ್ನು ಬಳುವಳಿಯಾಗಿ ಪಡೆದು ಹೊಸ ಕಪ್ತಾನನು ಮೊದಲಿನಿಂದ ಹೊರಡಬೇಕು. ಭೂಪಟವನ್ನು ಉಳಿಸಿಕೊಳ್ಳದಿದ್ದರೆ ಎಷ್ಟೋ ದ್ವೀಪಗಳು ಸ್ಥಳ ಬದಲಿಸಿರುವುವು. ಆದರೆ ಆ ದ್ವೀಪಗಳಲ್ಲಿ ಓದಲು ದೊರೆಯುವ ಕಥೆಗಳು ಮಾತ್ರ ಅಕ್ಷರವೂ ಬದಲಾಗವು. ವ್ಯಾಜ್ಯ ಹುಟ್ಟಿದ್ದು ಇಲ್ಲಿ.

ಪೂರ್ವಪಕ್ಷದವರ ಆಕ್ಷೇಪಣೆ ಹೀಗೆ: ಮೊದಲು ದೊರೆಯುವ ಹಡಗು ಆಮೆಯ ಸಂತತಿ. ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಕತ್ತಲೆಯ ನೀರನ್ನು ನೋಡುತ್ತ ಸುಮ್ಮನೆ ಕುಳಿತಿರಬೇಕು. ಒಂದು ಬಂದರಿನ ಸರಕನ್ನು ಇನ್ನೊಂದರಲ್ಲಿ ಮಾರಿದರೆ ಲಾಭ ಅತ್ಯಲ್ಪ. ಪರಸ್ಥಳಗಳ ವರದಿಯನ್ನು ಲಂಡನ್ನಿನ ನೌಕಾಖಾತೆಗೆ ಒಪ್ಪಿಸಿ, ಅವರು ಕೊಟ್ಟುದರಿಂದ ಉರುವಲಿನ ಖರ್ಚನ್ನು ತೂಗಿಸಬೇಕು. ಇಷ್ಟು ಪಾಡುಪಟ್ಟು ಕೂಡಿಸಿದ್ದೆಲ್ಲ ಒಂದು ತಪ್ಪು ತಿರುವಿನಲ್ಲಿ ಮುಳುಗಿಹೋಗುವುದು. ಆಗ ಹೊಸ ಕಪ್ತಾನನಾಗಿ ಹಳೆಯ ಕಥೆಗಳನ್ನೇ ಮತ್ತೆ ಓದಬೇಕು. ಹಂಟರ್ಸ್ ಕೀಪ್ ಎಂಬ ದ್ವೀಪದಲ್ಲಿ ಮೂವರು ಸಹೋದರಿಯರಿರುವರು. ಅವರೊಡನೆ ಮೊದಲನೆಯ ಸಲ ಊಟಕ್ಕೆ ಕುಳಿತಾಗ ಮೈ ಜುಮ್ಮೆನ್ನುವುದು. ನಾಲ್ಕನೆಯ ಕಪ್ತಾನನಿಗೆ ಆ ಮಾತುಗಳೆಲ್ಲ ಬಾಯಿಪಾಠ. ಕಣ್ಣು ಹಾಯಿಸದೆ ಗುಂಡಿಯೊತ್ತಿ ಮುಂದಕ್ಕೆ ಹೋಗುವನು.

ಉತ್ತರಪಕ್ಷದವರು ಇದಕ್ಕೆ ಸೋಲುವವರಲ್ಲ. ಬೇಗ ದಾಟಬಹುದಾದ ಕಡಲು ಕಡಲೇ ಅಲ್ಲವೆಂಬುದು ಅವರ ಮತ. ಉರುವಲು ತಳ ಕಂಡಿರುವಾಗ, ಭೀತಿ ತೊಂಬತ್ತನ್ನು ದಾಟಿರುವಾಗ, ಲಂಡನ್ನಿನ ದೀಪಗಳು ದೂರದಲ್ಲಿ ಮಿನುಗಿದರೆ ಆಗುವ ಸಂತೋಷ, ಚುರುಕಾದ ಹಡಗಿನವನಿಗೆ ಎಲ್ಲಿಂದ ಬರಬೇಕು? ಸಾವಿಗೆ ಬೆಲೆಯಿರುವುದರಿಂದಲೇ ದೀಪ ಹಚ್ಚುವುದೋ ಬೇಡವೋ ಎಂಬ ಅಲ್ಪ ವಿಚಾರವೂ ಅಲ್ಲಿ ಧರ್ಮಸಂಕಟವಾಗುವುದು. ದ್ವೀಪಗಳ ಕಥೆಗಳಾದರೋ ಸುಂದರವಾದ ಗದ್ಯ; ಅವುಗಳ ನಡುವೆ ಮೌನದ ಪ್ರಯಾಣವಿಲ್ಲದಿದ್ದರೆ ಓದಿದುದು ಮನಸ್ಸಿನಲ್ಲಿ ಇಳಿಯುವುದೇ ಇಲ್ಲ.

ಎರಡು ಪಕ್ಷಗಳೂ ‘ನಿಧಾನ’ ಎಂಬ ಒಂದೇ ಶಬ್ದವನ್ನು ಹಿಡಿದು ಎರಡು ಅರ್ಥಗಳಲ್ಲಿ ಹೋರಾಡುತ್ತಿರುವುವೆಂದು ಸ್ವಲ್ಪ ವಿಚಾರಿಸಿದರೆ ತೋರುವುದು. ಪ್ರಯಾಣದ ನಿಧಾನ ಒಂದು. ಪುನರಾವೃತ್ತಿಯ ನಿಧಾನ ಮತ್ತೊಂದು. ಆಲಂಕಾರಿಕರು ಪುನರುಕ್ತಿಯನ್ನು ದೋಷವೆಂದು ಎಣಿಸಿದರೂ, ಭಯ ಶೋಕ ವಿಸ್ಮಯಗಳಲ್ಲಿ ಬಂದ ಪುನರುಕ್ತಿಗೆ ಕ್ಷಮೆಯುಂಟೆಂದರು. ಹೆದರಿದವನು ‘ಹಾವು, ಹಾವು’ ಎಂದು ಕೂಗಿದರೆ ಅದು ದೋಷವಲ್ಲ. ಹೆದರಿಕೆ ನಿಜವಾಗಿರುವ ತನಕ ಮಾತು ಹೊಸದಾಗಿಯೇ ಇರುವುದು. ಸೂರ್ಯನಿಲ್ಲದ ಕಡಲಿನ ಪ್ರಯಾಣವೂ ಹಾಗೆಯೇ. ದಾರಿ ಹಳೆಯದಾದರೂ ಉರುವಲಿನ ಭಯ ಪ್ರತಿ ಸಲವೂ ಹೊಸದು. ಆದುದರಿಂದ ಅಲ್ಲಿ ನಿಧಾನವು ಗುಣ. ಸಹೋದರಿಯರ ಊಟದ ಮಾತಿಗೆ ಈ ಕ್ಷಮೆ ಸಲ್ಲದು. ಗುಟ್ಟು ತಿಳಿದವನಿಗೆ ಅಲ್ಲಿ ಭಯವೂ ಇಲ್ಲ, ವಿಸ್ಮಯವೂ ಇಲ್ಲ. ಉಳಿದುದು ಅಕ್ಷರ ಮಾತ್ರ.

ಒಳ್ಳೆಯ ಕಥೆಯನ್ನು ಎಷ್ಟು ಸಲ ಓದಿದರೂ ರುಚಿಸುವುದಿಲ್ಲವೆ ಎಂದು ಉತ್ತರಪಕ್ಷದವರು ಕೇಳಬಹುದು. ರುಚಿಸುವುದು, ಸಂದೇಹವಿಲ್ಲ. ಪ್ರಹ್ಲಾದನ ಕಥೆಯನ್ನು ಹತ್ತು ಸಲ ಕೇಳಿದವರೂ ಹನ್ನೊಂದನೆಯ ಹರಿಕಥೆಗೆ ಹೋಗಿ ಕುಳಿತುಕೊಳ್ಳುವರು. ಆದರೆ ದಾಸರು ಸಭೆಯ ಮುಖ ನೋಡಿ ಕಥೆಯನ್ನು ಹಿಗ್ಗಿಸುವರು, ಕುಗ್ಗಿಸುವರು. ಅಚ್ಚಾದ ಅಕ್ಷರಕ್ಕೆ ಆ ಕಣ್ಣಿಲ್ಲ. ಅದಕ್ಕಿಂತಲೂ ಮುಖ್ಯವಾದುದೊಂದುಂಟು. ಇಷ್ಟಪಟ್ಟು ಮರಳಿ ಓದುವುದು ಬೇರೆ. ದಾರಿಯ ಸುಂಕವಾಗಿ ಓದುವುದು ಬೇರೆ. ಮೊದಲನೆಯದು ಭಕ್ತಿ, ಎರಡನೆಯದು ತೆರಿಗೆ.

ಪೂರ್ವಪಕ್ಷದವರನ್ನು ಸೋಮಾರಿಗಳೆಂದು ಹಳಿಯುವವರು ಇದನ್ನು ಗಮನಿಸಬೇಕು. ದುಡಿದು ಸಂಜೆ ಮನೆಗೆ ಬಂದು, ಮಕ್ಕಳನ್ನು ಮಲಗಿಸಿ, ಆಟಕ್ಕೆ ಕುಳಿತ ಗೃಹಸ್ಥನ ಕೈಯಲ್ಲಿರುವುದು ಒಂದು ಗಂಟೆ. ಆ ಗಂಟೆಯನ್ನು ಕತ್ತಲೆಯ ಕಡಲಿಗೆ ಕೊಡಲು ಅವನು ಸಿದ್ಧನಾಗಿಯೇ ಬಂದಿರುವನು. ಓದಿದುದನ್ನೇ ಓದಿಸಿ ಅದನ್ನು ಕಳೆದರೆ ನಷ್ಟವಾಗುವುದು ಅವನ ಆಯುಷ್ಯ. ಸಹೃದಯನಿಂದ ಗಮನವನ್ನು ಬೇಡುವ ಅಧಿಕಾರ ಕೃತಿಗೆ ಉಂಟು; ಅವನ ಕಾಲವನ್ನು ಬರಿದೆ ಕಬಳಿಸುವ ಅಧಿಕಾರ ಯಾವ ಕೃತಿಗೂ ಇಲ್ಲ. ರಚಿಸಿದವರೂ ಇದನ್ನು ಅರಿಯದವರಲ್ಲ. ಪ್ರಯಾಣದ ಸ್ಥಿತಿಯನ್ನು ಬೇಕಾದಾಗ ಉಳಿಸಿಟ್ಟು, ಅಪಾಯ ಬಂದರೆ ಅಲ್ಲಿಂದಲೇ ಮುಂದುವರಿಯುವ ಕರುಣೆಯ ಕ್ರಮವೊಂದನ್ನು ಇರಿಸಿರುವರು. ಅದನ್ನು ಹೇಡಿಗಳ ದಾರಿಯೆಂದು ಜರೆಯುವವರುಂಟು. ಪುಸ್ತಕದಲ್ಲಿ ಗುರುತಿಗೆ ನವಿಲುಗರಿ ಇಟ್ಟವನನ್ನು ಯಾರಾದರೂ ಹೇಡಿಯೆನ್ನುವರೆ?

ಕಪ್ತಾನನು ತನ್ನ ಬಾಳಿಗೆ ಗುರಿಯೊಂದನ್ನು ಆರಿಸಿಕೊಳ್ಳಬಹುದು. ಸಿರಿವಂತನಾಗಿ ವಿಶ್ರಮಿಸುವುದು ಒಂದು. ಕಡಲಿನ ಅನುಭವಗಳನ್ನು ಗ್ರಂಥವಾಗಿ ಬರೆಯುವುದು ಒಂದು. ಕಡಲು ನುಂಗಿದ ತಂದೆಯ ಎಲುಬುಗಳನ್ನು ಹುಡುಕಿ ತರುವುದು ಮತ್ತೊಂದು. ಈ ಮೂರನೆಯದನ್ನು ಆರಿಸಿದವನಿಗೆ ಎರಡು ಪಕ್ಷಗಳ ಮಾತೂ ಅನುಭವಕ್ಕೆ ಬರುವುದು. ತಂದೆಯ ಅಸ್ಥಿಗಾಗಿ ಹೊರಟವನಿಗೆ ಹಡಗು ಬಾಣದಂತೆ ಹಾರಿದ್ದರೆ ಆ ಕಾರ್ಯವು ಅಂಗಡಿಯಿಂದ ಸಾಮಾನು ತಂದಷ್ಟು ಹಗುರವಾಗುತ್ತಿತ್ತು. ಮಂದನೌಕೆಯೇ ಅದಕ್ಕೆ ತಕ್ಕ ವಾಹನ. ಆದರೆ ಅವನು ನಡುಗಡಲಿನಲ್ಲಿ ಅಳಿದು, ಅವನ ನಂತರದವನು ಅದೇ ತಂದೆಗಾಗಿ, ಅದೇ ವಾಕ್ಯಗಳಿಂದ, ಮತ್ತೆ ದುಃಖಿಸತೊಡಗಿದರೆ, ಓದುವವನ ಕಣ್ಣು ಒಣಗಿಯೇ ಇರುವುದು. ಕಡಲು ಎಷ್ಟು ದೂರವಾದರೂ ಇರಲಿ. ದುಃಖವನ್ನು ಮಾತ್ರ ಒಂದೇ ಸಲ, ಸರಿಯಾಗಿ ಹೇಳಿದರೆ ಸಾಕು.