ಯಾವುದನ್ನು ಕೊಳ್ಳಲಿ?

ಕೈಯಲ್ಲಿ ಹಣವಿಲ್ಲದವನಿಗೆ ಒಂದೇ ಚಿಂತೆ. ಸ್ವಲ್ಪ ಹಣ ಬಂದವನಿಗೆ ನೂರು ಚಿಂತೆ. ಈ ಮಾತಿನ ಸತ್ಯ ನನಗೆ ಮನದಟ್ಟಾದದ್ದು 2025ರ ಬೇಸಿಗೆಯ ರಜೆಯಲ್ಲಿ. ಸುರಪುರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಎರಡು ತಿಂಗಳು ನಿಂತು, ಊರವರ ಆಧಾರ್ ಕಾರ್ಡುಗಳನ್ನೂ ಪಹಣಿಗಳನ್ನೂ ನಕಲು ತೆಗೆದು, ಏಳು ಸಾವಿರ ರೂಪಾಯಿ ಸಂಪಾದಿಸಿದೆ. ಅಷ್ಟು ಹಣ ಒಟ್ಟಿಗೆ ನನ್ನ ಜೇಬನ್ನು ಕಂಡದ್ದು ಅದೇ ಮೊದಲು. ಅದರಿಂದ ಆಟದ ಯಂತ್ರವೊಂದನ್ನು ಕೊಳ್ಳಬೇಕೆಂದು ನಿಶ್ಚಯಿಸಿದೆ. ಬಿ.ಎ. ಓದುವ ಹುಡುಗ ಪುಸ್ತಕ ಬಿಟ್ಟು ಆಟಿಕೆ ಕೊಳ್ಳುವುದೇ ಎಂದು ನಮ್ಮ ಅಧ್ಯಾಪಕರು ಹುಬ್ಬು ಗಂಟಿಕ್ಕುವ ಮುನ್ನವೇ ಅರಿಕೆ ಮಾಡಿಕೊಳ್ಳುತ್ತೇನೆ: ಅದು ನನಗಲ್ಲ, ನನ್ನ ಅಣ್ಣನಿಗೆ.

ಇದರ ಮೂಲ 2012ರಲ್ಲಿದೆ. ಆ ವರ್ಷ ಹತ್ತಿ ಮಾರಿದ ಹಣ ಕೈಯಲ್ಲಿದ್ದಾಗ ಅಪ್ಪ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಟೀವಿಗೆ ಜೋಡಿಸಿ ಆಡುವ ಪೆಟ್ಟಿಗೆಯೊಂದನ್ನು ಕೊಡಿಸಿದ. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಹೊರತಂದ ಫ್ಯಾಮಿಕಾಮ್ ಯಂತ್ರದ ನಕಲು ಅದು ಎಂಬುದು ನನಗೆ ತಿಳಿದದ್ದು ಈಚೆಗೆ. ಅದರ ಕ್ಯಾಸೆಟ್ಟಿನ ಮೇಲೆ 9999 ಆಟಗಳೆಂದು ಅಚ್ಚಾಗಿತ್ತು. ಎಣಿಸಿ ನೋಡಿದರೆ ಅವೇ ಹತ್ತಿಪ್ಪತ್ತು ಆಟಗಳು ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ನಮಗೆ ಬೇಕಾಗಿದ್ದುದಾದರೂ ಒಂದೇ, ‘ಕಾಂಟ್ರಾ’. ಇಬ್ಬರು ಸೈನಿಕರು ಕೂಡಿ ಶತ್ರುಗಳೊಡನೆ ಕಾದಾಡುವ ಆಟ. ಅದರ ಮೂರನೆಯ ಘಟ್ಟದಲ್ಲಿ ಒಂದು ಜಲಪಾತವನ್ನು ಏರಬೇಕು. ಮುಂದಿನವನು ಏರಿದಂತೆ ಪರದೆಯೂ ಮೇಲೆ ಸರಿಯುತ್ತದೆ. ಕೆಳಗೆ ಉಳಿದವನು ಪರದೆಯಾಚೆ ಬಿದ್ದು ಸಾಯುತ್ತಾನೆ. ಏಳು ವರ್ಷದ ನನಗೆ ತಾಳ್ಮೆಯೆಲ್ಲಿ? ನಾನು ದಡದಡ ಏರಿಬಿಡುತ್ತಿದ್ದೆ. ಅಣ್ಣ ಕೆಳಗೆ ಸಾಯುತ್ತಿದ್ದ. “ಹತ್ತು ತಮ್ಮಾ, ನನಗ ಇನ್ನೊಂದು ಜೀವ ಅದ” ಎನ್ನುತ್ತಿದ್ದ.

2014ರಲ್ಲಿ ಅಣ್ಣ ಪಿ.ಯು.ಸಿ.ಯನ್ನು ಅರ್ಧಕ್ಕೆ ಬಿಟ್ಟು ಬೆಂಗಳೂರಿನ ಬಸ್ಸು ಹತ್ತಿದ. ಮನೆಯ ಸಾಲ ಬೆಳೆದಿತ್ತು. ಇಬ್ಬರನ್ನೂ ಓದಿಸುವ ಶಕ್ತಿ ಅಪ್ಪನಿಗೆ ಇರಲಿಲ್ಲ. ನಮ್ಮ ಸೀಮೆಯಿಂದ ಗುಳೆ ಹೋಗುವುದು ಹೊಸದೇನಲ್ಲ. ಆದುದರಿಂದ ಯಾರೂ ಅದನ್ನು ದೊಡ್ಡ ಸುದ್ದಿ ಮಾಡಲಿಲ್ಲ. ಅಂದಿನಿಂದ ಅವನು ಗಾರೆ ಕೆಲಸದವನು. ಆಟದ ಪೆಟ್ಟಿಗೆಯೂ ಅದೇ ವರ್ಷ ಸುಟ್ಟುಹೋಯಿತು. 2025ರ ಯುಗಾದಿಗೆ ಬಂದಾಗ ಅಣ್ಣ ಮಲಗುವ ಹೊತ್ತಿನಲ್ಲಿ ಸುಮ್ಮನೆ ಕೇಳಿದ: “ತಮ್ಮಾ, ಆ ಕಾಂಟ್ರಾ ಈಗ ಎಲ್ಲ್ಯರ ಸಿಗ್ತದೇನು?”

ಸಿಗುತ್ತದೆ. ಹಳೆಯ ಯಂತ್ರದ ವೇಷ ಹಾಕಿ ನಟಿಸುವ ಎಮ್ಯುಲೇಟರ್ ಎಂಬ ತಂತ್ರಾಂಶವಿದೆ. ನಮ್ಮೂರಿಗೆ ಬರುವ ಹಗಲುವೇಷದವರನ್ನು ನೆನೆದುಕೊಳ್ಳಿ. ಒಬ್ಬನೇ ಮನುಷ್ಯ ಇಂದು ರಾಮ, ನಾಳೆ ರಾವಣ. ಹಾಗೆಯೇ ಒಂದೇ ಯಂತ್ರ ಒಂದು ಗಳಿಗೆ ಫ್ಯಾಮಿಕಾಮ್, ಮತ್ತೊಂದು ಗಳಿಗೆ 1989ರ ಗೇಮ್‌ಬಾಯ್. ಪಾಪ, ಆಟವು ತಾನು ಹಳೆಯ ಮನೆಯಲ್ಲಿಯೇ ಇದ್ದೇನೆಂದು ನಂಬಿ ಓಡುತ್ತದೆ. ಆದರೆ ವೇಷ ಹಾಕುವವನಿಗೆ ಶಕ್ತಿ ಹೆಚ್ಚು ಬೇಕು. ಫ್ಯಾಮಿಕಾಮಿನ ಪ್ರೊಸೆಸರಿನ ಮಿಡಿತ ಸೆಕೆಂಡಿಗೆ ಸುಮಾರು 18 ಲಕ್ಷ; ಈಗಿನ ಕೈಯಂತ್ರದ್ದು ನೂರು ಕೋಟಿಗೂ ಮೇಲೆ.

ಮೊದಲು ಹೊಳೆದದ್ದು ಖರ್ಚಿಲ್ಲದ ದಾರಿ. ಅಣ್ಣನ ಮೊಬೈಲಿನಲ್ಲಿಯೇ ಎಮ್ಯುಲೇಟರ್ ಹಾಕಿಕೊಟ್ಟೆ. ಗಾಜಿನ ಮೇಲೆ ಗುಂಡಿಗಳ ಚಿತ್ರ ಮೂಡಿತು. ಅಣ್ಣ ಒತ್ತಿದ, ಸೈನಿಕ ಜಿಗಿಯಲಿಲ್ಲ. ಮತ್ತೆ ಒತ್ತಿದ, ಗುಂಡು ಹಾರಲಿಲ್ಲ. ಸ್ಪರ್ಶದ ಪರದೆಯು ಬೆರಳಿನ ಚರ್ಮದ ಮೂಲಕ ವಿದ್ಯುತ್ತಿನ ಸಣ್ಣ ವ್ಯತ್ಯಾಸವನ್ನು ಗುರುತಿಸಿ ಕೆಲಸ ಮಾಡುತ್ತದೆ. ಹನ್ನೊಂದು ವರ್ಷ ಸಿಮೆಂಟು ಕಲಸಿದ ಬೆರಳು ಒಣಗಿ, ದಡ್ಡುಗಟ್ಟಿ, ಗಾಜಿಗೆ ಬೆರಳೇ ಅಲ್ಲವಾಗಿದೆ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದಾಗಲೂ ಅವನದು ಮೂರು ನಾಲ್ಕು ಸಲಕ್ಕೆ ಬರುವುದು. “ಇರ್ಲಿ ಬಿಡು” ಎಂದು ಅವನು ಮೊಬೈಲನ್ನು ಕೆಳಗಿಟ್ಟ. ನಾನು ಅಂಗೈ ನೋಡಿಕೊಂಡೆ. ನನ್ನದು ಪೆನ್ನು ಹಿಡಿದ ಕೈ. ಅಂದೇ ಯಂತ್ರ ಕೊಳ್ಳುವ ನಿಶ್ಚಯವಾದದ್ದು.

ಎರಡನೆಯದಾಗಿ ಕಂಡದ್ದು, ಐದಾರುನೂರು ರೂಪಾಯಿಗೆ ಎಲ್ಲೆಡೆ ಸಿಗುವ ‘400 ಆಟಗಳ’ ಪುಟ್ಟ ಪೆಟ್ಟಿಗೆ. ಅಗ್ಗವೇನೋ ಹೌದು. ಆದರೆ ಕಾರ್ಖಾನೆಯಲ್ಲಿ ತುಂಬಿದ್ದಕ್ಕಿಂತ ಬೇರೆ ಆಟ ಸೇರಿಸುವಂತಿಲ್ಲ. ಅರ್ಧಕ್ಕೆ ನಿಲ್ಲಿಸಿ ನಾಳೆ ಅಲ್ಲಿಂದಲೇ ಮುಂದುವರಿಸುವಂತಿಲ್ಲ. ದುಡಿದು ಬಂದು, ಅಡಿಗೆ ಮಾಡಿಕೊಂಡು, ನಿದ್ದೆಗೆ ಮುನ್ನ ಹದಿನೈದು ನಿಮಿಷ ಬಿಡುವಿರುವವನಿಗೆ ಎದ್ದ ಜಾಗದಿಂದಲೇ ಮತ್ತೆ ಕೂರುವ ಸೌಕರ್ಯ ಬೇಕು.

ಉಳಿದವು ಎರಡು. 2023ರಲ್ಲಿ ಬಂದ ಮಿಯೂ ಮಿನಿ ಪ್ಲಸ್. 2024ರಲ್ಲಿ ಬಂದ ಆನ್‌ಬರ್ನಿಕ್ ಕಂಪನಿಯ ಆರ್‌ಜಿ 35 ಎಕ್ಸ್‌ಎಕ್ಸ್ ಎಚ್. ಎರಡೂ ಚೀನದವು. ಪರದೆ ಎರಡಕ್ಕೂ ಮೂರೂವರೆ ಅಂಗುಲ, 640 ಅಡ್ಡ 480 ಉದ್ದ ಚುಕ್ಕೆಗಳು. ಹಳೆಯ ಫ್ಯಾಮಿಕಾಮ್ ಚಿತ್ರದ ಎತ್ತರ 240 ಚುಕ್ಕೆ. ಅದರ ಎರಡರಷ್ಟು 480. ಆದುದರಿಂದ ಒಂದು ಚುಕ್ಕೆ ಸರಿಯಾಗಿ ನಾಲ್ಕಾಗಿ ಕೂರುತ್ತದೆ, ಚಿತ್ರ ಮಸುಕಾಗುವುದಿಲ್ಲ. ಇಷ್ಟು ಚಿಕ್ಕ ಚೌಕಟ್ಟೇ ಎಂದು ಬೇರೆಯವರು ಕೇಳಬಹುದು. ಗರುಡಾದ್ರಿ ಮನೆತನದ ಕಿರುಚಿತ್ರಗಳ ಊರಾದ ಸುರಪುರದವರು ಕೇಳಬಾರದು.

ಮಿಯೂ ಗೇಮ್‌ಬಾಯಿಯಂತೆ ನಿಂತ ಆಕಾರದ್ದು, ಅಂದವಾದದ್ದು, ಅಂಗಿಯ ಜೇಬಿನಲ್ಲಿ ಅಡಗುವಂಥದು. ನನ್ನ ಮನಸ್ಸು ಅದರ ಮೇಲೆಯೇ ಇತ್ತು. ಮೂರು ರಾತ್ರಿ ಎರಡರ ಗುಣಗಳನ್ನು ನೋಟ್‌ಬುಕ್ಕಿನಲ್ಲಿ ಎದುರುಬದುರು ಬರೆದೆ. ಬ್ಯಾಟರಿ ಒಂದಕ್ಕೆ 3000, ಇನ್ನೊಂದಕ್ಕೆ 3300 ಮಿಲಿಯಾಂಪಿಯರ್ ಗಂಟೆ, ಇತ್ಯಾದಿ. ಅರ್ಥಶಾಸ್ತ್ರದ ಪರೀಕ್ಷೆಗೂ ನಾನು ಅಷ್ಟು ಶ್ರದ್ಧೆಯಿಂದ ಬರೆದವನಲ್ಲ. ನಾಲ್ಕನೆಯ ರಾತ್ರಿ ಒಂದು ಮಾತು ಹೊಳೆಯಿತು: ಪಟ್ಟಿಯ ತುಂಬ ಯಂತ್ರದ ಗುಣಗಳೇ ಇದ್ದವು, ಆಡುವವನ ಗುಣ ಒಂದೂ ಇರಲಿಲ್ಲ. ಅಣ್ಣನ ಅಗಲವಾದ ಕೈಗೆ ಅಡ್ಡವಾದ ಯಂತ್ರವೇ ಒಪ್ಪುತ್ತದೆ. ಅಲ್ಲದೆ, ಆನ್‌ಬರ್ನಿಕ್ಕನ್ನು ತಂತಿಯಿಂದ ಟೀವಿಗೆ ಜೋಡಿಸಿ, ಇನ್ನೊಂದು ಕಂಟ್ರೋಲರ್ ಹಾಕಿ, ಇಬ್ಬರು ಆಡಬಹುದು. ಮಿಯೂಗೆ ಟೀವಿಯ ತಂತಿಗೆ ಜಾಗವೇ ಇಲ್ಲ. ನೋಟ್‌ಬುಕ್ಕು ಮುಚ್ಚಿದೆ. ಆರು ಸಾವಿರದ ಆಸುಪಾಸು ಯಂತ್ರಕ್ಕೆ ಹೋಯಿತು. ಉಳಿದದ್ದು ತಂತಿಗೂ ಕಂಟ್ರೋಲರಿಗೂ ಸರಿಹೋಯಿತು.

ಒಂದು ತಪ್ಪೊಪ್ಪಿಗೆಯೂ ಇಲ್ಲಿರಲಿ. ಎಮ್ಯುಲೇಟರ್ ಬಳಸುವುದು ಅಪರಾಧವಲ್ಲ. ಆದರೆ ಆಟಗಳಿಗೆ ಒಡೆಯರಿದ್ದಾರೆ. ನಮ್ಮ 1957ರ ಕಾಪಿರೈಟ್ ಕಾಯಿದೆಯು ಗಣಕದ ಕಾರ್ಯಕ್ರಮವನ್ನೂ ಸಾಹಿತ್ಯಕೃತಿಯೆಂದೇ ಎಣಿಸುತ್ತದೆ. ನಮ್ಮ ಜಾತ್ರೆಯ ಕ್ಯಾಸೆಟ್ಟೂ ಸಾಚಾ ಅಲ್ಲ. ಜೆರಾಕ್ಸ್ ಅಂಗಡಿಯ ಹುಡುಗನಾದ ನಾನು ನಕಲಿನ ಬಗ್ಗೆ ನೀತಿ ಹೇಳಲು ಹೊರಟರೆ ಯಾರೂ ಕೇಳಲಾರರು. ಆದರೂ ಇದು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿದೆ.

ದೀಪಾವಳಿಗೆ ಅಣ್ಣ ಬಂದ. ಪಕ್ಕದ ಮನೆಯ ಕಾಕಾನ ಹೊಸ ಟೀವಿಗೆ ಯಂತ್ರ ಜೋಡಿಸಿದೆವು. “ಎಷ್ಟು ಕೊಟ್ಟಿ?” ಎಂದ. ಎರಡು ಸಾವಿರವೆಂದೆ. ನಂಬಲಿಲ್ಲ, ಆದರೆ ಮತ್ತೆ ಕೇಳಲಿಲ್ಲ. ಗುಂಡಿಗಳು ಅವನ ಹೆಬ್ಬೆರಳಿನ ಕೆಳಗೆ ಟಕಟಕನೆ ಸದ್ದು ಮಾಡಿದವು. ಎರಡು ಘಟ್ಟ ದಾಟಿ ಜಲಪಾತಕ್ಕೆ ಬಂದೆವು. ಈ ಸಲ ಕೆಳಗೆ ನಿಲ್ಲುವುದು ನಾನು ಎಂದು ಮೊದಲೇ ತೀರ್ಮಾನಿಸಿದ್ದೆ. ನಿಂತೆ. ನೋಡಿದರೆ ಅಣ್ಣನೂ ಹಳೆಯ ರೂಢಿಯಂತೆ ನಿಂತಿದ್ದಾನೆ!

“ಹತ್ತೋ ತಮ್ಮಾ.”

“ನೀ ಹತ್ತು ಅಣ್ಣಾ.”

ಹೀಗೆ ಉಪಚಾರ ನಡೆದಿರುವಾಗಲೇ ಮೇಲಿನಿಂದ ಬಂಡೆ ಉರುಳಿ ಬಂತು. ಇಬ್ಬರೂ ಸತ್ತೆವು. ಬಾಗಿಲಲ್ಲಿ ನಿಂತಿದ್ದ ಅವ್ವ, “ಆಡ್ರೆಪ್ಪಾ ಅಂದ್ರ ನಿಂತು ಸಾಯ್ತೀರಲ್ಲೋ!” ಎಂದಳು. ಅಣ್ಣ ಬಿದ್ದುಬಿದ್ದು ನಕ್ಕ. ಅವನು ಹಾಗೆ ನಕ್ಕದ್ದನ್ನು ನಾನು ನೋಡಿ ಬಹಳ ದಿನಗಳಾಗಿದ್ದವು.

ಮೂರನೆಯ ದಿನ ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿ, ರೊಟ್ಟಿಯ ಗಂಟಿನ ಪಕ್ಕದಲ್ಲಿಟ್ಟುಕೊಂಡು ಅವನು ಬಸ್ಸು ಹತ್ತಿದ. ಕಂಟ್ರೋಲರನ್ನು ಮಾತ್ರ ಮನೆಯಲ್ಲಿಯೇ ಬಿಟ್ಟುಹೋದ. ಈಗ ರಾತ್ರಿ ಫೋನು ಮಾಡಿದಾಗ ತಾನು ಎಷ್ಟನೆಯ ಘಟ್ಟದಲ್ಲಿದ್ದೇನೆಂದು ಹೇಳುತ್ತಾನೆ. ಆ ಮೇಲೆ ನನ್ನ ಪರೀಕ್ಷೆ ಯಾವಾಗ ಎಂದು ಕೇಳುತ್ತಾನೆ.